ಮನುಷ್ಯಾಕೃತಿ ಬರೆಯುವುದು: ಅಳತೆಯಿಂದ ಎಲುಬಿನವರೆಗೆ

ಮನುಷ್ಯಾಕೃತಿಯನ್ನು ಬರೆಯಲು ಹೊಸದಾಗಿ ತೊಡಗಿದವರ ಹಾಳೆಗಳನ್ನು ಸಾಲಾಗಿ ಹರಡಿ ನೋಡಿದರೆ, ಬರೆದವರು ಬೇರೆ ಬೇರೆಯಾದರೂ ತಪ್ಪುಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ತಲೆ ದೊಡ್ಡದಾಗಿರುತ್ತದೆ, ಕಾಲು ಗಿಡ್ಡವಾಗಿರುತ್ತದೆ, ಅಂಗೈ ಮತ್ತು ಪಾದಗಳು ಮಕ್ಕಳವುಗಳಷ್ಟು ಚಿಕ್ಕದಾಗಿರುತ್ತವೆ, ಕಣ್ಣುಗಳು ಹಣೆಯ ಕಡೆಗೆ ಏರಿ ಕೂತಿರುತ್ತವೆ. ಇದಕ್ಕೆ ಕೈಯನ್ನು ದೂರುವುದು ಸರಿಯಲ್ಲ. ಎದುರಿಗಿರುವ ವ್ಯಕ್ತಿಯಲ್ಲಿ ನಾವು ಹೆಚ್ಚು ಹೊತ್ತು ನೋಡುವುದು ಮುಖವನ್ನು. ಹೆಚ್ಚು ಹೊತ್ತು ನೋಡಿದ್ದನ್ನು ಮನಸ್ಸು ದೊಡ್ಡದಾಗಿ ಇಟ್ಟುಕೊಳ್ಳುತ್ತದೆ, ಕೈ ಅದನ್ನೇ ಹಾಳೆಗೆ ಇಳಿಸುತ್ತದೆ. ಮನಸ್ಸಿನ ಈ ಪಕ್ಷಪಾತವನ್ನು ತಿದ್ದುವುದಕ್ಕಾಗಿಯೇ ಅಳತೆಯ ಅಭ್ಯಾಸ ಬೇಕಾಗುತ್ತದೆ. ಅಂಗರಚನೆಯ ತಿಳಿವಳಿಕೆ ಬೇಕಾಗುವುದು ಅದರ ನಂತರ, ಅಳತೆ ಸರಿಯಾದ ಮೇಲೂ ಆಕೃತಿ ಮರದ ಗೊಂಬೆಯಂತೆ ನಿಂತುಬಿಟ್ಟಾಗ.

ದೇಹವನ್ನು ದೇಹದಿಂದಲೇ ಅಳೆಯುವ ರೂಢಿ ನಮಗೆ ಹೊಸದೇನಲ್ಲ. ಹೂವಾಡಗಿತ್ತಿ ಇಂದಿಗೂ ಹೂವನ್ನು ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಡುತ್ತಾಳೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಎರಡೂ ಕೈಗಳನ್ನು ಅಡ್ಡಲಾಗಿ ಚಾಚಿದರೆ ಒಂದು ಮಾರು. ಒಬ್ಬ ವ್ಯಕ್ತಿಯ ಮಾರು ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಇರುತ್ತದೆ. ಅವನ ಮೊಳ ಅವನ ಎತ್ತರದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಚಿತ್ರ ಬರೆಯುವವರಿಗೆ ಈ ಎರಡು ಅಳತೆಗಳಿಗಿಂತ ಅನುಕೂಲವಾದದ್ದು ತಲೆಯ ಅಳತೆ, ಅಂದರೆ ನೆತ್ತಿಯ ತುದಿಯಿಂದ ಗದ್ದದ ತುದಿಯವರೆಗಿನ ಎತ್ತರ. ಮೊಳ ಮಡಚಿಕೊಳ್ಳುತ್ತದೆ, ಮಾರು ಭಂಗಿಯಿಂದ ಭಂಗಿಗೆ ಬದಲಾಗುತ್ತದೆ, ಆದರೆ ತಲೆ ಹೇಗೆ ತಿರುಗಿದರೂ ಅದರ ಗಾತ್ರವನ್ನು ಅಂದಾಜು ಮಾಡುವುದು ಸುಲಭ.

ನಿಂತ ಆಕೃತಿ

ಮೊದಲ ಕೆಲವು ವಾರಗಳಲ್ಲಿ ನೇರವಾಗಿ ನಿಂತ ವಯಸ್ಕ ವ್ಯಕ್ತಿಯನ್ನು ಮಾತ್ರ ಬರೆಯಿರಿ. ಮನೆಯವರಲ್ಲಿ ಯಾರಾದರೂ ಹತ್ತು ನಿಮಿಷ ನಿಲ್ಲಲು ಒಪ್ಪಿದರೆ ಸಾಕು. ಅವರಿಂದ ಕನಿಷ್ಠ 12ರಿಂದ 15 ಅಡಿ ದೂರದಲ್ಲಿ ಕುಳಿತುಕೊಳ್ಳಬೇಕು. ಈ ಮಾತನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹತ್ತಿರ ಕೂತರೆ ತಲೆಯನ್ನು ನೋಡಲು ಕಣ್ಣು ಮೇಲೇರಬೇಕು, ಪಾದವನ್ನು ನೋಡಲು ಕೆಳಗಿಳಿಯಬೇಕು. ಆಗ ಒಂದೇ ದೇಹವನ್ನು ಎರಡು ಮೂರು ಕೋನಗಳಿಂದ ನೋಡಿ ಒಂದು ಹಾಳೆಯಲ್ಲಿ ಜೋಡಿಸಿದಂತಾಗಿ, ಎಷ್ಟು ಅಳೆದರೂ ಅಳತೆ ಕೂಡುವುದಿಲ್ಲ. ಡ್ರಾಯಿಂಗ್ ಬೋರ್ಡನ್ನು ಮಡಿಲಲ್ಲಿ ಮಲಗಿಸದೆ, ದೃಷ್ಟಿಗೆ ಎದುರಾಗುವಂತೆ ಓರೆಯಾಗಿ ಎತ್ತಿ ನಿಲ್ಲಿಸಿಕೊಳ್ಳುವುದಕ್ಕೂ ಕಾರಣ ಇಂಥದೇ: ಮಲಗಿಸಿದ ಹಾಳೆಯ ಮೇಲ್ತುದಿ ಕಣ್ಣಿಗೆ ದೂರವಾಗಿ ಕುಗ್ಗಿ ಕಾಣುವುದರಿಂದ, ಅಲ್ಲಿ ಬರುವ ತಲೆಯನ್ನು ನಾವು ಅರಿಯದೆಯೇ ಹಿಗ್ಗಿಸಿ ಬರೆಯುತ್ತೇವೆ.

ಅರ್ಧ ಡ್ರಾಯಿಂಗ್ ಶೀಟು, ಅಂದರೆ 15 ಇಂಚು ಅಗಲ 22 ಇಂಚು ಉದ್ದದ ಹಾಳೆ, ಒಂದು 2ಬಿ ಪೆನ್ಸಿಲ್ ಮತ್ತು ಇದ್ದಿಲ ಕಡ್ಡಿ ಇದ್ದರೆ ಬೇರೆ ಸಾಮಗ್ರಿ ಬೇಡ. ರೇಖೆ ಎಳೆಯುವ ಮೊದಲು ಹಾಳೆಯ ಮೇಲೆ ಎರಡು ಗುರುತು ಹಾಕಿ: ನೆತ್ತಿ ಎಲ್ಲಿ, ಹಿಮ್ಮಡಿ ಎಲ್ಲಿ. ಎರಡರ ನಡುವೆ 15 ಇಂಚು ಇರಲಿ. ಸಾಮಾನ್ಯ ವಯಸ್ಕರು ತಮ್ಮ ತಲೆಯ ಏಳೂವರೆಯಷ್ಟು ಎತ್ತರ ಇರುವುದರಿಂದ, 15 ಇಂಚಿನ ಆಕೃತಿಗೆ ತಲೆ ಸರಿಯಾಗಿ 2 ಇಂಚು ಬರುತ್ತದೆ. ಲೆಕ್ಕ ಸುಲಭವಾಗಲೆಂದೇ ನಾನು ಈ ಗಾತ್ರವನ್ನು ಹೇಳುತ್ತಿದ್ದೇನೆ. ಈ ಎರಡು ಗುರುತುಗಳನ್ನು ಹಾಕದೆ ತಲೆಯಿಂದ ಕೆಳಕ್ಕೆ ಬರೆಯುತ್ತಾ ಹೋದವರ ಹಾಳೆಯಲ್ಲಿ ಪಾದಕ್ಕೆ ಜಾಗ ಉಳಿಯುವುದಿಲ್ಲ, ಆಗ ಕಾಲುಗಳನ್ನು ಕುಗ್ಗಿಸಿ ಹೇಗೋ ಒಳಗೆ ಸೇರಿಸುವ ಒತ್ತಾಯ ಬರುತ್ತದೆ. ಕಾಲು ಗಿಡ್ಡವಾಗುವುದಕ್ಕೆ ಅರ್ಧ ಕಾರಣ ಇದೇ.

ಮೂರನೆಯ ಗುರುತು ನಡುಮಧ್ಯದ್ದು. ನಿಂತ ವಯಸ್ಕ ದೇಹದ ಅರ್ಧ ಎಲ್ಲಿ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೊಕ್ಕುಳು ಅಥವಾ ಸೊಂಟ ಎನ್ನುತ್ತಾರೆ. ಅದು ಬರುವುದು ಕಿಬ್ಬೊಟ್ಟೆಯ ಕೆಳತುದಿಯಲ್ಲಿ, ತೊಡೆಗಳು ಕೂಡುವ ಸಂದಿನ ಹತ್ತಿರದ ಎಲುಬಿನ ಮೇಲೆ. ಅಲ್ಲಿಂದ ಮೇಲೆ ಎಷ್ಟೋ ಕೆಳಗೂ ಅಷ್ಟೇ. ಇದೊಂದನ್ನು ಕಣ್ಣಿಗೆ ಒಗ್ಗಿಸಿಕೊಂಡರೆ ಕಾಲುಗಳ ಉದ್ದ ತಾನಾಗಿ ಸರಿಹೋಗುತ್ತದೆ. ನನ್ನ ಅನುಭವದಲ್ಲಿ ಉಳಿದ ಎಲ್ಲ ಅಳತೆಗಳಿಗಿಂತ ಹೆಚ್ಚು ಫಲ ಕೊಟ್ಟ ಅಳತೆ ಇದು.

ಉಳಿದವನ್ನು ಈ ಚೌಕಟ್ಟಿನೊಳಗೆ ಕೂರಿಸಬಹುದು. ಹೆಗಲ ರೇಖೆ ಗದ್ದದಿಂದ ತಲೆಯ ಮೂರನೆಯ ಒಂದು ಭಾಗದಷ್ಟು ಕೆಳಗೆ ಬರುತ್ತದೆ. ಎರಡನೆಯ ತಲೆಯ ಕೊನೆಗೆ ಮೊಲೆತೊಟ್ಟಿನ ಮಟ್ಟ, ಮೂರನೆಯದರ ಕೊನೆಗೆ ಹೊಕ್ಕುಳು. ನೆಲದಿಂದ ಮೇಲಕ್ಕೆ ಎಣಿಸಿದರೆ ಎರಡು ತಲೆಯ ಎತ್ತರಕ್ಕೆ ಮೊಣಕಾಲ ಚಿಪ್ಪಿನ ಕೆಳ ಅಂಚು. ಕೈಯನ್ನು ಇಳಿಬಿಟ್ಟಾಗ ಮೊಣಕೈ ಹೊಕ್ಕುಳಿಗಿಂತ ತುಸು ಮೇಲೆ, ಸೊಂಟ ಸಣ್ಣದಾಗುವ ಕಡೆ ನಿಲ್ಲುತ್ತದೆ. ಮಣಿಕಟ್ಟು ದೇಹದ ನಡುಮಧ್ಯದ ಮಟ್ಟಕ್ಕೆ ಬರುತ್ತದೆ. ಬೆರಳ ತುದಿ ತೊಡೆಯ ಅರ್ಧವನ್ನು ಮುಟ್ಟುತ್ತದೆ. ಹೆಗಲಿನ ಅಗಲ ಗಂಡಸರಲ್ಲಿ ಸುಮಾರು ಎರಡು ತಲೆಯ ಎತ್ತರದಷ್ಟು, ಹೆಂಗಸರಲ್ಲಿ ಅದಕ್ಕಿಂತ ತುಸು ಕಡಿಮೆ. ಹೆಂಗಸರ ಹೆಗಲಿಗೆ ಹೋಲಿಸಿದರೆ ಅವರ ಸೊಂಟದ ಎಲುಬು ಹೆಚ್ಚು ಅಗಲವಾಗಿರುವುದರಿಂದ ತೊಡೆಗಳು ಮೊಣಕಾಲಿನ ಕಡೆಗೆ ಹೆಚ್ಚು ಓರೆಯಾಗಿ ಇಳಿಯುತ್ತವೆ. ಪಾದದ ಉದ್ದ ತಲೆಯ ಎತ್ತರಕ್ಕಿಂತ ಸ್ವಲ್ಪ ಹೆಚ್ಚು, ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದಕ್ಕೆ ಹತ್ತಿರ ಎನ್ನುವುದನ್ನು ಓದಿದವರು ಒಮ್ಮೆ ತಮ್ಮ ಪಾದವನ್ನೇ ಮುಂಗೈ ಮೇಲಿಟ್ಟು ನೋಡಿಕೊಳ್ಳಲಿ. ಅದಾದ ಮೇಲೆ ಪಾದವನ್ನು ಚಿಕ್ಕದಾಗಿ ಬರೆಯಲು ಮನಸ್ಸು ಬರುವುದಿಲ್ಲ.

ಇವೆಲ್ಲ ಸರಾಸರಿ ಮಾತ್ರ. ಎದುರಿಗೆ ನಿಂತವರು ಏಳು ತಲೆಯ ಎತ್ತರದವರಿರಬಹುದು, ಎಂಟರ ಹತ್ತಿರದವರೂ ಇರಬಹುದು. ಆದ್ದರಿಂದ ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಅವರ ನೆತ್ತಿಗೂ ಹೆಬ್ಬೆರಳಿನ ಉಗುರನ್ನು ಗದ್ದಕ್ಕೂ ಹೊಂದಿಸಿ, ಆ ಅಳತೆ ಕೆಳಗಿನವರೆಗೆ ಎಷ್ಟು ಸಲ ಬರುತ್ತದೆ ಎಂದು ಎಣಿಸಬೇಕು. ಎಣಿಸುವಾಗ ಮೊಣಕೈ ಒಂದು ಸಲ ಮಡಚಿ ಒಂದು ಸಲ ನೆಟ್ಟಗಿದ್ದರೆ ಎಣಿಕೆ ವ್ಯರ್ಥ. ಪುಸ್ತಕದ ಅಳತೆಗೂ ಎದುರಿಗಿರುವ ದೇಹಕ್ಕೂ ವ್ಯತ್ಯಾಸ ಬಂದಾಗ ದೇಹದ ಮಾತನ್ನೇ ಕೇಳಬೇಕು. ಆ ವ್ಯತ್ಯಾಸದಲ್ಲಿಯೇ ಆ ವ್ಯಕ್ತಿಯ ಗುರುತಿರುತ್ತದೆ. ಸರಾಸರಿಯನ್ನು ಬಾಯಿಪಾಠ ಮಾಡುವುದು ಈ ವ್ಯತ್ಯಾಸ ಥಟ್ಟನೆ ಕಣ್ಣಿಗೆ ಬೀಳಲೆಂದು.

ತಲೆಯ ಲೆಕ್ಕ ಮತ್ತು ತಾಳದ ಲೆಕ್ಕ

ಕರ್ನಾಟಕದಲ್ಲಿ ಚಿತ್ರ ಕಲಿಯುವವರಿಗೆ ಒಂದು ಗೊಂದಲ ಎದುರಾಗುತ್ತದೆ. ಶಿಲ್ಪಿಗಳು ಮತ್ತು ಸಾಂಪ್ರದಾಯಿಕ ಚಿತ್ರಕಾರರು ನವತಾಳ ಎನ್ನುತ್ತಾರೆ, ಚಿತ್ರಕಲಾ ಶಾಲೆಗಳಲ್ಲಿ ಏಳೂವರೆ ಅಥವಾ ಎಂಟು ತಲೆ ಎನ್ನುತ್ತಾರೆ. ಹಾಗಾದರೆ ಮನುಷ್ಯ ಒಂಬತ್ತೋ ಎಂಟೋ ಎಂಬ ಪ್ರಶ್ನೆ ಏಳುವುದು ಸಹಜ. ಎರಡರ ಮೂಲಮಾನವೇ ಬೇರೆ ಎಂಬುದನ್ನು ಗಮನಿಸಿದರೆ ಗೊಂದಲ ತಿಳಿಯಾಗುತ್ತದೆ. ತಾಳವೆಂದರೆ 12 ಅಂಗುಲ (ಇಲ್ಲಿ ಅಂಗುಲ ಎಂದರೆ ಇಂಚಲ್ಲ, ತಾಳದ ಹನ್ನೆರಡನೆಯ ಒಂದು ಭಾಗ). ಅದು ಕೂದಲಿನ ಅಂಚಿನಿಂದ ಗದ್ದದವರೆಗಿನ ಮುಖದ ಉದ್ದ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಕೈಯ ಉದ್ದವೂ ಅದೇ. ತಲೆಯ ಅಳತೆಯಲ್ಲಿ ನೆತ್ತಿಯೂ ಸೇರುವುದರಿಂದ ಅದು ತಾಳಕ್ಕಿಂತ ದೊಡ್ಡದು, ಹಾಗಾಗಿ ಎಣಿಕೆ ಕಡಿಮೆ ಬರುತ್ತದೆ.

ನವತಾಳದ 108 ಅಂಗುಲಗಳನ್ನು ಹಂಚುವ ಪ್ರಚಲಿತ ಕ್ರಮವೊಂದು ಹೀಗಿದೆ: ಮುಖ 12, ಕೊರಳು 4, ಕೊರಳಿನಿಂದ ಎದೆಯವರೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿನಿಂದ ಗುಹ್ಯಸ್ಥಾನಕ್ಕೆ 12, ತೊಡೆ 24, ಮೊಣಕಾಲು 4, ಕಣಕಾಲು 24, ಪಾದದ ಎತ್ತರ 4. ತೊಡೆಯಿಂದ ನೆಲದವರೆಗೆ ಕೂಡಿದರೆ 56 ಅಂಗುಲ, ಅದರ ಮೇಲಿನದು 52. ಕೂದಲಿನ ಅಂಚಿನ ಮೇಲಿರುವ ನೆತ್ತಿಯ ಕೆಲವು ಅಂಗುಲಗಳನ್ನು ಮೇಲಿನ ಭಾಗಕ್ಕೆ ಸೇರಿಸಿ ನೋಡಿದರೆ ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ, ಅಂದರೆ ದೇಹದ ನಡುಮಧ್ಯ ಇಲ್ಲಿಯೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎರಡು ಬೇರೆ ಪರಂಪರೆಗಳ ಲೆಕ್ಕ ಒಂದೇ ಎಲುಬಿನ ಮೇಲೆ ಕೂಡುವುದನ್ನು ಮೊದಲ ಸಲ ಕೂಡಿಸಿ ನೋಡಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಕುರಿತ ಭಾಗವಾದ ಚಿತ್ರಸೂತ್ರ ಎಲ್ಲ ಗಂಡಸರಿಗೂ ಒಂದೇ ಅಳತೆ ಹೇಳುವುದಿಲ್ಲ. ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯವರನ್ನು ಹೆಸರಿಸಿ, ಕ್ರಮವಾಗಿ 108, 106, 104, 100, 90 ಅಂಗುಲಗಳ ಎತ್ತರವನ್ನು ಕೊಡುತ್ತದೆ. ಯೂರೋಪಿನಲ್ಲಿ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಗದ್ದದಿಂದ ನೆತ್ತಿಯವರೆಗಿನ ತಲೆ ಎತ್ತರದ ಎಂಟನೆಯ ಒಂದು ಭಾಗ ಎಂದು ಬರೆದಿದ್ದನು. ಲಿಯೊನಾರ್ಡೊ ಡ ವಿಂಚಿ ಆ ಮಾತುಗಳನ್ನು ಆಧರಿಸಿ 1490ರ ಸುಮಾರಿಗೆ ವೃತ್ತ ಮತ್ತು ಚೌಕದೊಳಗೆ ಕೈಚಾಚಿ ನಿಂತ ಮನುಷ್ಯನನ್ನು ಬರೆದನು. ಎಂಟು ತಲೆಯ ಲೆಕ್ಕ ಆದರ್ಶದ್ದು; ಆಕೃತಿಗೆ ಗಾಂಭೀರ್ಯ ಕೊಡಬೇಕಾದಾಗ ಅದನ್ನು ಬಳಸಬಹುದು. ಆದರೆ ದೇವತಾಮೂರ್ತಿಯ ಲಕ್ಷಣಗಳನ್ನು ದೇಹದ ನಿಜವೆಂದು ತಿಳಿಯಬಾರದು. ಕೈಗಳು ಮೊಣಕಾಲು ಮುಟ್ಟುವ ಆಜಾನುಬಾಹು ಮಹಾಪುರುಷ ಲಕ್ಷಣ. ಬಸ್ ನಿಲ್ದಾಣದಲ್ಲಿ ನಿಂತವರ ಕೈ ತೊಡೆಯ ಅರ್ಧಕ್ಕೇ ಮುಗಿಯುತ್ತದೆ. ಮೂರ್ತಿಯಿಂದ ಲಯವನ್ನು ಕಲಿಯಿರಿ, ಉದ್ದವನ್ನು ಜನರಿಂದ ಅಳೆಯಿರಿ.

ಭಾರ ಎಲ್ಲಿದೆ ಎಂಬುದು

ಯಾರೂ ಬಹಳ ಹೊತ್ತು ಎರಡೂ ಕಾಲಿನ ಮೇಲೆ ಸಮವಾಗಿ ನಿಲ್ಲುವುದಿಲ್ಲ. ಒಂದು ಕಾಲಿನ ಮೇಲೆ ಭಾರ ಬಿದ್ದ ಕ್ಷಣದಲ್ಲಿ ಆ ಬದಿಯ ಸೊಂಟ ಮೇಲೇರುತ್ತದೆ, ಸಡಿಲ ಬಿಟ್ಟ ಕಾಲಿನ ಬದಿಯ ಸೊಂಟ ಕೆಳಗಿಳಿಯುತ್ತದೆ. ಹೆಗಲು ಇದಕ್ಕೆ ಎದುರಾಗಿ ಓರೆಯಾಗುತ್ತದೆ, ಕತ್ತು ಮತ್ತೆ ಸ್ವಲ್ಪ ತಿರುಗಿ ಸಮತೋಲ ಕಾಯುತ್ತದೆ. ನಮ್ಮ ಶಿಲ್ಪಿಗಳು ನಿಲುವನ್ನು ಸಮಭಂಗ (ನೇರ ನಿಲುವು), ಆಭಂಗ (ತುಸು ಬಾಗಿದ್ದು), ತ್ರಿಭಂಗ (ಮೂರು ಕಡೆ ಬಾಗಿದ್ದು), ಅತಿಭಂಗ (ಅತಿಯಾಗಿ ಬಾಗಿದ್ದು) ಎಂದು ವಿಂಗಡಿಸಿದ್ದು ಈ ಬಾಗುಗಳನ್ನು ನೋಡಿಯೇ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಮುಂದೆ ನಿಂತು, ಆಭರಣಗಳನ್ನೆಲ್ಲ ಕಣ್ಣಿನಿಂದ ಬದಿಗೆ ಸರಿಸಿ, ಹೆಗಲಿನ ಓರೆ ಯಾವ ಕಡೆಗಿದೆ, ಸೊಂಟದ ಓರೆ ಯಾವ ಕಡೆಗಿದೆ ಎಂಬ ಎರಡೇ ಗೆರೆಗಳನ್ನು ಸ್ಕೆಚ್ ಪುಸ್ತಕದಲ್ಲಿ ಎಳೆದುಕೊಳ್ಳುವುದು ಒಳ್ಳೆಯ ಪಾಠ. ಗ್ರೀಸಿನಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಶಿಲ್ಪಿ ಪಾಲಿಕ್ಲೀಟಸ್ ಈಟಿ ಹಿಡಿದ ಯುವಕನ ಮೂರ್ತಿಯಲ್ಲಿ ತೋರಿಸಿದ್ದೂ ಇದೇ ಎದುರುಬದುರು ಓರೆಯನ್ನು.

ಹಾಳೆಯ ಮೇಲೆ ಇದನ್ನು ಪರೀಕ್ಷಿಸಲು ಗಾರೆಯವರು ಗೋಡೆಯ ನೇರ ನೋಡಲು ಇಳಿಬಿಡುವ ತೂಗುಗುಂಡಿನ ದಾರವನ್ನು ನೆನೆಯಬೇಕು. ಎರಡು ಕೊರಳೆಲುಬುಗಳು ಕೂಡುವ ಗುಳಿಯಿಂದ ನೇರ ಕೆಳಕ್ಕೆ ದಾರ ಬಿಟ್ಟರೆ, ಭಾರವೆಲ್ಲ ಒಂದೇ ಕಾಲಿನ ಮೇಲಿರುವಾಗ, ಅದು ಆ ಕಾಲಿನ ಒಳಗಿಣ್ಣಿನ ಹತ್ತಿರ ನೆಲ ಮುಟ್ಟುತ್ತದೆ. ನಿಮ್ಮ ಚಿತ್ರದಲ್ಲಿ ಅದು ಎಲ್ಲೋ ಆಚೆ ಬಿದ್ದರೆ ಆಕೃತಿ ಬೀಳುತ್ತಿರುವಂತೆ ಕಾಣುತ್ತದೆ. ಮುಖ, ಬೆರಳು, ಬಟ್ಟೆ ಎಷ್ಟು ಚೆನ್ನಾಗಿದ್ದರೂ ಆ ಬೀಳುವಿಕೆಯನ್ನು ಮರೆಸಲಾಗುವುದಿಲ್ಲ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ನರ್ತಕರನ್ನು ಬರೆದ ರೇಖಾಚಿತ್ರಗಳಲ್ಲಿ ಸ್ನಾಯುಗಳ ವಿವರ ಇಲ್ಲವೆನ್ನುವಷ್ಟು ಕಡಿಮೆ, ಆದರೆ ದೇಹದ ಭಾರ ನೆಲಕ್ಕೆ ಇಳಿಯುವ ಜಾಗ ಸ್ಪಷ್ಟವಾಗಿ ತಿಳಿಯುತ್ತದೆ.

ಎಲುಬು ಮೊದಲು, ಸ್ನಾಯು ಆಮೇಲೆ

ಮುಂಡವನ್ನು ಒಂದೇ ಚೀಲದಂತೆ ಬರೆಯುವುದನ್ನು ಬಿಡಬೇಕು. ದೇಹದಲ್ಲಿ ಬಾಗದ ಮೂರು ಗಟ್ಟಿ ಗಡ್ಡೆಗಳಿವೆ: ತಲೆಬುರುಡೆ, ಎದೆಗೂಡು, ಸೊಂಟದ ಎಲುಬು. ಈ ಮೂರನ್ನೂ ಬೆನ್ನುಮೂಳೆ ಒಂದು ಬಾಗಿದ ಕಂಬಿಯಂತೆ ಪೋಣಿಸಿದೆ. ಎದೆಗೂಡನ್ನು ಚೂಪಾದ ತುದಿ ಮೇಲಾದ ಮೊಟ್ಟೆಯಂತೆ, ಒಂದೂವರೆ ತಲೆಯ ಎತ್ತರಕ್ಕೆ ಬರೆಯಿರಿ. ಸೊಂಟದ ಎಲುಬನ್ನು ತುಸು ಮುಂದಕ್ಕೆ ಓಲಿದ ಅಗಲವಾದ ಬಟ್ಟಲಿನಂತೆ ಬರೆಯಿರಿ. ನಿಮ್ಮ ಪಕ್ಕೆಯನ್ನು ಒತ್ತಿ ನೋಡಿಕೊಂಡರೆ ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಅಂಚಿಗೂ ನಡುವೆ ಕೆಲವೇ ಬೆರಳಿನಷ್ಟು ಮೆತ್ತನೆಯ ಜಾಗ ಇರುವುದು ತಿಳಿಯುತ್ತದೆ. ದೇಹ ಬಾಗುವುದು, ತಿರುಗುವುದು, ಮಡಚುವುದು ಬಹುಪಾಲು ಆ ಜಾಗದಲ್ಲಿ ಮತ್ತು ಕತ್ತಿನಲ್ಲಿ. ಒಂದು ಬದಿಗೆ ವಾಲಿದಾಗ ಆ ಬದಿಯ ಮೆತ್ತನೆಯ ಜಾಗ ಮಡಿಕೆ ಬೀಳುತ್ತದೆ, ಎದುರು ಬದಿಯದು ಬಿಗಿಯಾಗಿ ಚಾಚುತ್ತದೆ. ಎದೆಗೂಡು ಮಾತ್ರ ತನ್ನ ಆಕಾರವನ್ನು ಬಿಡುವುದಿಲ್ಲ.

ಎಷ್ಟೇ ದಪ್ಪ ದೇಹದಲ್ಲೂ ಎಲುಬು ಚರ್ಮದ ಹತ್ತಿರಕ್ಕೆ ಬಂದು ಕಾಣಿಸಿಕೊಳ್ಳುವ ಕೆಲವು ಜಾಗಗಳಿವೆ. ಮುಂದೆ ಕೊರಳ ಗುಳಿ, ಅದರಿಂದ ಎರಡೂ ಕಡೆಗೆ ಹರಿಯುವ ಕೊರಳೆಲುಬುಗಳು, ಎದೆಯ ನಡುವಿನ ಎಲುಬು, ಸೊಂಟದ ಎಲುಬಿನ ಎರಡು ಮುಂತುದಿಗಳು, ಮೊಣಕಾಲ ಚಿಪ್ಪು, ಕಣಕಾಲಿನ ಮುಂಭಾಗದ ನೇರ ಅಂಚು, ಕಾಲಿನ ಗಿಣ್ಣುಗಳು. ಹಿಂದೆ ಕತ್ತಿನ ಬುಡದಲ್ಲಿ ಉಬ್ಬಿದ ಬೆನ್ನುಮೂಳೆಯ ಏಳನೆಯ ಮಣಿ, ಹೆಗಲ ಹಲಗೆಗಳು, ಮೊಣಕೈ ತುದಿ. ಆಕೃತಿಯನ್ನು ಬರೆಯುವಾಗ ಮೊದಲು ಈ ಜಾಗಗಳನ್ನು ಚುಕ್ಕಿಗಳಾಗಿ ಗುರುತಿಸಿಕೊಳ್ಳಿ. ಮಾಂಸ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಈ ಚುಕ್ಕಿಗಳ ಪರಸ್ಪರ ಸಂಬಂಧ ಅಷ್ಟಾಗಿ ಬದಲಾಗುವುದಿಲ್ಲ. ಹೆಗಲ ಹಲಗೆಯ ಬಗ್ಗೆ ಒಂದು ಎಚ್ಚರಿಕೆ ಇರಲಿ: ಕೈಯನ್ನು ತಲೆಯ ಮೇಲೆತ್ತಿದಾಗ ತೋಳು ಮಾತ್ರ ಏಳುವುದಿಲ್ಲ, ಹಲಗೆ ಬೆನ್ನ ಮೇಲೆ ಜಾರಿ ತಿರುಗುತ್ತದೆ, ಕೊರಳೆಲುಬಿನ ಹೊರತುದಿ ಮೇಲೇರುತ್ತದೆ. ಹೆಗಲನ್ನು ಅಲ್ಲೇ ಬಿಟ್ಟು ತೋಳನ್ನಷ್ಟೇ ಎತ್ತಿ ಬರೆದರೆ ಅಂಟಿಸಿದ ಕೈಯಂತೆ ಕಾಣುತ್ತದೆ.

ಸ್ನಾಯುಗಳ ಹೆಸರುಗಳ ಪಟ್ಟಿಯನ್ನು ಕಂಠಪಾಠ ಮಾಡಲು ಹೊರಟವರು ಬೇಗ ದಣಿಯುತ್ತಾರೆ. ನೂರಾರು ಸ್ನಾಯುಗಳಲ್ಲಿ ಹೊರಗಿನ ಆಕಾರವನ್ನು ನಿರ್ಧರಿಸುವವು ಕೆಲವೇ, ಅವುಗಳಲ್ಲೂ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ತಿಳಿದರೆ ಸಾಕು. ಎದೆಯ ಸ್ನಾಯು ಎದೆಯ ಮೇಲೆಯೇ ಮುಗಿಯದೆ ತೋಳಿನ ಎಲುಬಿಗೆ ಹೋಗಿ ಸೇರುತ್ತದೆ. ಕಂಕುಳಿನ ಮುಂಗೋಡೆ ಅದೇ. ಬೆನ್ನಿನ ಅಗಲ ಸ್ನಾಯುವೂ ತೋಳಿಗೆ ಬಂದು ಕಂಕುಳಿನ ಹಿಂಗೋಡೆಯಾಗುತ್ತದೆ. ಹೆಗಲಿನ ಸ್ನಾಯು ಮೇಲೆ ಅಗಲವಾಗಿ ಹರಡಿ, ತೋಳಿನ ಹೊರಬದಿಯಲ್ಲಿ ಅರ್ಧದ ಹತ್ತಿರ ಚೂಪಾಗಿ ಮುಗಿಯುತ್ತದೆ. ಮುಂಗೈಯಲ್ಲಿ ಎರಡು ಎಲುಬುಗಳಿವೆ: ಅಂಗೈ ಮೇಲ್ಮುಖವಾದಾಗ ಅವು ಒಂದರ ಪಕ್ಕ ಒಂದು ಇರುತ್ತವೆ, ಅಂಗೈಯನ್ನು ಕೆಳಮುಖ ಮಾಡಿದಾಗ ಹೆಬ್ಬೆರಳ ಬದಿಯ ಎಲುಬು ಇನ್ನೊಂದನ್ನು ದಾಟಿ ಅಡ್ಡ ಬರುತ್ತದೆ. ಮುಂಗೈಯ ಆಕಾರ ಭಂಗಿಯಿಂದ ಭಂಗಿಗೆ ಅಷ್ಟೊಂದು ಬದಲಾಗುವುದು ಇದರಿಂದ.

ಕೈಕಾಲುಗಳನ್ನು ಬರೆಯುವಾಗ ಎರಡೂ ಬದಿಯ ಉಬ್ಬುಗಳನ್ನು ಎದುರುಬದುರಾಗಿ, ಸಮನಾಗಿ ಎಳೆಯುವುದು ಬಹಳ ಸಾಮಾನ್ಯವಾದ ತಪ್ಪು. ಹಾಗೆ ಬರೆದ ಕಾಲು ಸೋರೆಕಾಯಿಗಳನ್ನು ಜೋಡಿಸಿದಂತಿರುತ್ತದೆ. ದೇಹದಲ್ಲಿ ಒಂದು ಬದಿಯ ಉಬ್ಬು ಇನ್ನೊಂದು ಬದಿಯದಕ್ಕಿಂತ ಮೇಲೋ ಕೆಳಗೋ ಇರುತ್ತದೆ. ಮೀನಖಂಡದ ಹೊರ ಉಬ್ಬು ಮೇಲೆ, ಒಳ ಉಬ್ಬು ಕೆಳಗೆ. ಅದರ ಕೆಳಗೆ ಗಿಣ್ಣಿಗೆ ಬಂದಾಗ ಕ್ರಮ ತಿರುವುಮುರುವಾಗಿ ಒಳಗಿಣ್ಣು ಮೇಲೆ, ಹೊರಗಿಣ್ಣು ಕೆಳಗೆ. ಮೊಣಕಾಲಿನ ಮೇಲ್ಭಾಗದಲ್ಲೂ ತೊಡೆಯ ಒಳಬದಿಯ ಸ್ನಾಯು ಹೊರಬದಿಯದಕ್ಕಿಂತ ಕೆಳಗೆ ಇಳಿದು ಚಿಪ್ಪಿನ ಪಕ್ಕದಲ್ಲಿ ಹನಿಯಂತೆ ಉಬ್ಬುತ್ತದೆ. ಪಕ್ಕದಿಂದ ನೋಡಿದರೆ ತೊಡೆ ಮುಂದಕ್ಕೆ, ಮೀನಖಂಡ ಹಿಂದಕ್ಕೆ ಬಾಗಿ ಕಾಲು ನೀಳವಾದ ಹಾವಿನ ನಡೆಯಂತೆ ಹರಿಯುತ್ತದೆ. ಇದಿಷ್ಟನ್ನು ನೆನಪಿನಲ್ಲಿಟ್ಟು ಬರೆದ ಕಾಲಿನಲ್ಲಿ ನೆರಳು ಹಾಕದಿದ್ದರೂ ಜೀವ ಇರುತ್ತದೆ.

ಸ್ನಾಯುಗಳನ್ನು ನೋಡಿ ಕಲಿಯಲು ನಮ್ಮಲ್ಲಿ ಗರಡಿಮನೆಗಿಂತ ಒಳ್ಳೆಯ ಜಾಗ ನನಗೆ ತಿಳಿಯದು. ಮೈಸೂರಿನ ಹಳೆಯ ಗರಡಿಗಳಲ್ಲಿ ಬೆಳಗಿನ ಹೊತ್ತು ಸಾಮು ತೆಗೆಯುವವರ ಬೆನ್ನು, ತೋಳು, ತೊಡೆಗಳಲ್ಲಿ ಪುಸ್ತಕದ ಚಿತ್ರದಲ್ಲಿ ಕಾಣುವುದೆಲ್ಲ ಚಲಿಸುತ್ತಾ ಕಾಣುತ್ತದೆ. ಹಿರಿಯರ ಅನುಮತಿ ಕೇಳಿ, ಗರಡಿಯ ನಿಯಮಗಳಿಗೆ ತಲೆಬಾಗಿ, ಮೂಲೆಯಲ್ಲಿ ಕೂತು ಬರೆಯಬೇಕು. ಅಲ್ಲಿ ಕಂಡದ್ದನ್ನು ಎಲ್ಲರ ಮೈಮೇಲೂ ಹೇರಬಾರದು ಎಂಬ ಎಚ್ಚರವೂ ಬೇಕು. ಸಾಧಾರಣ ದೇಹದಲ್ಲಿ ಸ್ನಾಯು ಹಗ್ಗದಂತೆ ಎದ್ದು ಕಾಣುವುದಿಲ್ಲ.

ತಲೆ, ಕೈ, ಪಾದ

ಮುಖದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಎಲ್ಲರೂ ತಾವಾಗಿಯೇ ಸಾಕಷ್ಟು ಸಮಯ ಕೊಡುತ್ತಾರೆ. ಕಣ್ಣುಗಳ ರೇಖೆ ನೆತ್ತಿಗೂ ಗದ್ದಕ್ಕೂ ಸರಿಯಾಗಿ ನಡುವೆ ಬರುತ್ತದೆ. ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ, ಈ ಮೂರೂ ಹೆಚ್ಚುಕಡಿಮೆ ಸಮ. ತಲೆಯ ಅಗಲ ಐದು ಕಣ್ಣುಗಳಷ್ಟು, ಕಿವಿ ಹುಬ್ಬು ಮತ್ತು ಮೂಗಿನ ಬುಡದ ನಡುವೆ. ಪಕ್ಕದಿಂದ ಬರೆಯುವಾಗ ಕಿವಿಯ ಹಿಂದಿನ ಬುರುಡೆಯನ್ನು ಕಡಿದುಬಿಡುವುದು ರೂಢಿಯ ತಪ್ಪು: ಕಿವಿ ತಲೆಯ ನಡುವಿನ ರೇಖೆಗೆ ಸ್ವಲ್ಪ ಹಿಂದೆ ಇರುತ್ತದೆ, ಅದರ ಹಿಂದೆಯೂ ಬೇಕಾದಷ್ಟು ತಲೆ ಇರುತ್ತದೆ. ಕತ್ತು ಕಂಬದಂತೆ ನೆಟ್ಟಗೆ ನಿಲ್ಲದೆ ಮುಂದಕ್ಕೆ ವಾಲಿ ಏರುತ್ತದೆ.

ಕೈಗೆ ಹೆಚ್ಚು ಹೊತ್ತು ಕೊಡಬೇಕು. ಕೈಯನ್ನು ಜೇಬಿನಲ್ಲಿ, ಬೆನ್ನ ಹಿಂದೆ, ಸೆರಗಿನ ಒಳಗೆ ಅಡಗಿಸಿ ಬರೆಯುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ವರ್ಷಗಟ್ಟಲೆ ಬಿಡುವುದಿಲ್ಲ. ನನ್ನ ಹಳೆಯ ಹಾಳೆಗಳಲ್ಲಿ ಅಂಥ ಆಕೃತಿಗಳು ಬಹಳ ಇವೆ. ನಿಮ್ಮ ಎಡಗೈಯೇ ಸದಾ ಸಿಗುವ ಮಾಡೆಲ್. ಮೊದಲು ಬೆರಳುಗಳನ್ನು ಬಿಡಿಬಿಡಿಯಾಗಿ ನೋಡದೆ, ಅಂಗೈಯನ್ನು ಒಂದು ದಪ್ಪ ಹಲಗೆಯಾಗಿ, ನಾಲ್ಕು ಬೆರಳುಗಳನ್ನು ಒಟ್ಟಾಗಿ ಒಂದು ಗುಂಪಾಗಿ, ಹೆಬ್ಬೆರಳನ್ನು ಬೇರೆ ದಿಕ್ಕಿಗೆ ತಿರುಗಿದ ಇನ್ನೊಂದು ತುಂಡಾಗಿ ಬರೆಯಿರಿ. ಕೈಯ ಹಿಂಬದಿಯಲ್ಲಿ ಗೆಣ್ಣಿನಿಂದ ಅಳೆದರೆ ನಡುಬೆರಳು ಇಡೀ ಕೈಯ ಅರ್ಧದಷ್ಟು ಉದ್ದ. ಅಂಗೈ ಬದಿಯಿಂದ ನೋಡಿದಾಗ ಅದೇ ಬೆರಳು ಗಿಡ್ಡವಾಗಿ ಕಾಣುತ್ತದೆ, ಏಕೆಂದರೆ ಬೆರಳುಗಳ ಸಂದಿನ ಚರ್ಮ ಗೆಣ್ಣಿಗಿಂತ ಮುಂದೆ ಬಂದಿರುತ್ತದೆ. ಗೆಣ್ಣುಗಳನ್ನು ಒಂದಕ್ಕೊಂದು ಸೇರಿಸಿ ಗೆರೆ ಎಳೆದರೆ ಅದು ನೇರವಾಗಿರದೆ ಕಮಾನಾಗುತ್ತದೆ, ಬೆರಳ ಮುಂದಿನ ಗೆಣ್ಣುಗಳೂ ಹಾಗೆಯೇ. ಹೆಬ್ಬೆರಳನ್ನು ಪಕ್ಕಕ್ಕೆ ಸೇರಿಸಿ ಇಟ್ಟಾಗ ಅದರ ತುದಿ ತೋರುಬೆರಳಿನ ಮೊದಲ ತುಂಡಿನ ಅರ್ಧದ ಹತ್ತಿರ ನಿಲ್ಲುತ್ತದೆ.

ಪಾದವನ್ನು ತಿಳಿಯಲು ಒದ್ದೆ ಕಾಲಿನಲ್ಲಿ ಒಣಗಿದ ಸಿಮೆಂಟ್ ನೆಲದ ಮೇಲೆ ನಡೆದು ಗುರುತನ್ನು ನೋಡಬೇಕು. ಹೊರ ಅಂಚು ಪೂರ್ತಿ ನೆಲ ಮುಟ್ಟಿರುತ್ತದೆ, ಒಳ ಅಂಚು ಹೆಚ್ಚಿನವರಲ್ಲಿ ಕಮಾನಿನಂತೆ ಎದ್ದಿರುತ್ತದೆ. ಆದ್ದರಿಂದ ಪಾದ ಒಳಬದಿಯಲ್ಲಿ ಎತ್ತರ, ಹೊರಬದಿಯಲ್ಲಿ ತಗ್ಗು. ಹಿಮ್ಮಡಿ ಕಾಲಿನ ಹಿಂದಕ್ಕೆ ಚಾಚಿರುತ್ತದೆ ಎಂಬುದನ್ನು ಮರೆತವರ ಪಾದ ಇಂಗ್ಲಿಷಿನ ಎಲ್ ಅಕ್ಷರದಂತೆ ಕಾಲಿನ ತುದಿಯಲ್ಲಿ ಮಡಚಿಕೊಳ್ಳುತ್ತದೆ.

ಕೂತವರು, ಮಕ್ಕಳು, ಬಟ್ಟೆ

ನಮ್ಮ ಜನ ನೆಲದ ಮೇಲೆ ಕೂರುತ್ತಾರೆ, ಆದರೆ ಹೊರಗಿನ ಪುಸ್ತಕಗಳಲ್ಲಿ ಕುರ್ಚಿಯ ಭಂಗಿಗಳೇ ಹೆಚ್ಚು. ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತ ವಯಸ್ಕರು ನೆಲದಿಂದ ನೆತ್ತಿಯವರೆಗೆ ಸುಮಾರು ನಾಲ್ಕು ತಲೆಯ ಎತ್ತರ ಇರುತ್ತಾರೆ. ಕುರ್ಚಿಯಲ್ಲಿ ಕೂತವರು ನೆಲದಿಂದ ಆರರ ಹತ್ತಿರ. ನೆಲದ ಮೇಲೆ ಕೂತವರ ಮೊಣಕಾಲುಗಳು ನಮ್ಮ ಕಡೆಗೆ ಚಾಚಿರುವಾಗ ತೊಡೆ ತನ್ನ ನಿಜವಾದ ಉದ್ದದಲ್ಲಿ ಕಾಣದೆ ಕುಗ್ಗಿ ಕಾಣುತ್ತದೆ. ಇಂಥ ಕಡೆ ತಲೆಯ ಲೆಕ್ಕವನ್ನು ಬದಿಗಿಡಬೇಕು. ಕುಗ್ಗಿದ ಅಂಗದ ಅಗಲವನ್ನೂ ಉದ್ದವನ್ನೂ ಪೆನ್ಸಿಲಿನಿಂದ ಹೋಲಿಸಿ ನೋಡಿ. ತೊಡೆಯ ಉದ್ದ ಅದರ ಅಗಲದಷ್ಟೇ ಇದೆ ಎಂದು ಅಳತೆ ಹೇಳಿದರೆ, ಮನಸ್ಸು ಒಪ್ಪದಿದ್ದರೂ ಹಾಗೆಯೇ ಬರೆಯಬೇಕು. ತೋಳು ಮತ್ತು ಮುಂಡದ ನಡುವೆ, ಮಡಚಿದ ಕಾಲುಗಳ ನಡುವೆ ಕಾಣುವ ಖಾಲಿ ಜಾಗದ ಆಕಾರವನ್ನು ಬರೆದರೆ ಅಂಗಗಳು ತಾವಾಗಿ ಸರಿಯಾದ ಜಾಗಕ್ಕೆ ಬರುತ್ತವೆ. ಖಾಲಿ ಜಾಗದ ಬಗ್ಗೆ ಮನಸ್ಸಿನಲ್ಲಿ ಪೂರ್ವಕಲ್ಪನೆ ಇರುವುದಿಲ್ಲ, ಹಾಗಾಗಿ ಅಲ್ಲಿ ಕಣ್ಣು ಮೋಸ ಹೋಗುವುದು ಕಡಿಮೆ.

ಮಕ್ಕಳನ್ನು ಕುಗ್ಗಿಸಿದ ದೊಡ್ಡವರಂತೆ ಬರೆಯಬಾರದು. ಹುಟ್ಟಿದ ಮಗು ತನ್ನ ತಲೆಯ ನಾಲ್ಕರಷ್ಟು ಉದ್ದ ಇರುತ್ತದೆ, ಅದರ ನಡುಮಧ್ಯ ಹೊಕ್ಕುಳಿನ ಹತ್ತಿರ; ಐದಾರು ವರ್ಷಕ್ಕೆ ಎಣಿಕೆ ಐದೂವರೆ, ಆರರ ಹತ್ತಿರ ಬರುತ್ತದೆ, 12ರ ಹೊತ್ತಿಗೆ ಏಳನ್ನು ಸಮೀಪಿಸುತ್ತದೆ. ಬೆಳೆಯುವುದು ಹೆಚ್ಚಾಗಿ ಕಾಲು. ವಯಸ್ಸಾದವರಲ್ಲಿ ಬೆನ್ನು ಬಾಗಿ ಎತ್ತರ ಇಳಿಯುತ್ತದೆ, ಕೈಕಾಲಿನ ಎಲುಬುಗಳು ಇದ್ದಷ್ಟೇ ಉದ್ದ ಇರುತ್ತವೆ, ಆದ್ದರಿಂದ ಕೈಗಳು ನೀಳವಾಗಿ ಜೋತಂತೆ ಕಾಣುತ್ತವೆ.

ಸೀರೆ, ಪಂಚೆ, ಲುಂಗಿ ಉಟ್ಟವರನ್ನು ಬರೆಯುವಾಗ ಮೊದಲು ಒಳಗಿನ ದೇಹವನ್ನು ತೆಳುವಾದ ರೇಖೆಗಳಲ್ಲಿ ಪೂರ್ತಿ ಬರೆದು, ಆಮೇಲೆ ಬಟ್ಟೆಯನ್ನು ಹೊದಿಸಿ. ಬಟ್ಟೆ ದೇಹವನ್ನು ಮುಟ್ಟುವುದು ಕೆಲವೇ ಕಡೆ: ಹೆಗಲು, ಎದೆ, ಸೊಂಟ, ಮುಂದಿಟ್ಟ ಮೊಣಕಾಲು. ಮಡಿಕೆಗಳು ಅಲ್ಲಿಂದ ಹೊರಟು ಕೆಳಗೋ ಇನ್ನೊಂದು ಆಧಾರಕ್ಕೋ ಇಳಿಯುತ್ತವೆ. ನೆರಿಗೆಗಳನ್ನು ಎಣಿಸುತ್ತಾ ಕೂರುವುದಕ್ಕಿಂತ ಮೊಣಕಾಲು ಎಲ್ಲಿ ಅವುಗಳನ್ನು ತಳ್ಳಿದೆ ಎಂದು ಹುಡುಕುವುದು ಹೆಚ್ಚು ಉಪಯುಕ್ತ.

ಅಭ್ಯಾಸದ ಕ್ರಮ

ದಿನಕ್ಕೆ ಒಂದು ಗಂಟೆ ಸಿಕ್ಕರೆ ಅದರ ಮೊದಲ 15 ನಿಮಿಷವನ್ನು ಅರ್ಧ ನಿಮಿಷ, ಒಂದು ನಿಮಿಷದ ಶೀಘ್ರ ಸ್ಕೆಚ್‌ಗಳಿಗೆ ಕೊಡಿ. ಬಸ್ ನಿಲ್ದಾಣ, ವಾರದ ಸಂತೆ, ರೈಲ್ವೆ ಪ್ಲಾಟ್‌ಫಾರ್ಮ್ ಇದಕ್ಕೆ ಒಳ್ಳೆಯ ಜಾಗಗಳು. ಇವುಗಳಲ್ಲಿ ಮುಖ, ಬೆರಳು ಏನೂ ಬೇಡ. ತಲೆ, ಎದೆಗೂಡು, ಸೊಂಟ, ಭಾರದ ಕಾಲು ಇವಿಷ್ಟು ಬಂದರೆ ಸಾಕು. ಉಳಿದ ಸಮಯದಲ್ಲಿ ಒಂದೇ ಆಕೃತಿಯನ್ನು ಅಳೆದು ನಿಧಾನವಾಗಿ ಬರೆಯಿರಿ. ಎರಡನ್ನೂ ಜೊತೆಜೊತೆಗೆ ಮಾಡಬೇಕು. ಶೀಘ್ರ ಸ್ಕೆಚ್ ಮಾತ್ರ ಮಾಡಿದವರ ಅಳತೆ ಸಡಿಲವಾಗುತ್ತದೆ, ಅಳೆಯುವುದನ್ನು ಮಾತ್ರ ಮಾಡಿದವರ ಆಕೃತಿ ಬಿಗಿದುಕೊಳ್ಳುತ್ತದೆ.

ಮಾಡೆಲ್ ಸಿಗದಿದ್ದಾಗ ಫೋಟೋ ನೋಡಿ ಬರೆಯುವುದರಲ್ಲಿ ತಪ್ಪಿಲ್ಲ, ಆದರೆ ಮೊಬೈಲಿನ ಕ್ಯಾಮೆರಾ ಅಗಲ ನೋಟದ್ದಾದ್ದರಿಂದ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿರುವ ಅಂಗ ಹಿಗ್ಗಿ, ಹಿಂದಿರುವುದು ಕುಗ್ಗುತ್ತದೆ. ನಿಂತವರ ಮುಖದ ಎತ್ತರದಿಂದ ಹತ್ತಿರ ತೆಗೆದ ಫೋಟೋದಲ್ಲಿ ಕಾಲು ಗಿಡ್ಡವಾಗಿ, ತಲೆ ದೊಡ್ಡದಾಗಿ ಬರುತ್ತದೆ, ಅಂದರೆ ನಾವು ಬಿಡಬೇಕೆಂದಿರುವ ತಪ್ಪನ್ನೇ ಅದು ಕಲಿಸುತ್ತದೆ. ದೂರ ಸರಿದು, ಮೊಬೈಲನ್ನು ಸೊಂಟದ ಎತ್ತರಕ್ಕೆ ಹಿಡಿದು, ಎರಡು ಮೂರು ಪಟ್ಟು ಜೂಮ್ ಮಾಡಿ ತೆಗೆದ ಚಿತ್ರ ಕಣ್ಣಿನ ನೋಟಕ್ಕೆ ಹತ್ತಿರ ಇರುತ್ತದೆ.

ಮುಗಿದ ಹಾಳೆಯನ್ನು ಕನ್ನಡಿಗೆ ಹಿಡಿದು ನೋಡಿ, ತಲೆಕೆಳಗಾಗಿಸಿ ನೋಡಿ. ಕಣ್ಣು ಒಗ್ಗಿಕೊಂಡು ಬಿಟ್ಟಿದ್ದ ಓರೆಗಳು ಆಗ ಎದ್ದು ಕಾಣುತ್ತವೆ. ಮರುದಿನ ಬೆಳಿಗ್ಗೆ ಅದೇ ಭಂಗಿಯನ್ನು ಹಿಂದಿನ ಹಾಳೆಯನ್ನು ನೋಡದೆ, ನೆನಪಿನಿಂದ ಬರೆದು, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ನೆನಪು ಎಲ್ಲಿ ತಡವರಿಸಿದೆಯೋ, ಮೊಣಕಾಲಿನ ಹಿಂಬದಿಯೋ ಹೆಗಲು ತೋಳಿಗೆ ಸೇರುವ ಕಡೆಯೋ, ಅದನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡು, ಆ ದಿನದ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿ.